ಹೊರಗೆ ಹಾಕುವ ಗೋಡೆ

ಗೋಡೆ ಸರಿಯುವಾಗ ಸದ್ದಾಗಬಾರದು ಎಂದು ಹುಲಿಗೆಮ್ಮ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದಳು. ಹಳಿಯ ಮೇಲೆ ಉರುಳುವ ಗಾಲಿ, ಗಾಲಿಗೆ ಸುತ್ತುವ ರಬ್ಬರು ಎಲ್ಲವನ್ನೂ ಬದಲಿಸಿ ಬದಲಿಸಿ, ಕೊನೆಗೆ ಬೆಕ್ಕು ನಡೆದಷ್ಟೇ ಸದ್ದಾಗುವಂತೆ ಮಾಡಿದ್ದಳು. ಮಗುವೊಂದು ಪ್ರಶ್ನೆ ಕೇಳುತ್ತಿರುವಾಗ ಗೋಡೆ ಕಿರ್ರೆಂದರೆ ಪ್ರಶ್ನೆ ಅರ್ಧಕ್ಕೇ ನಿಂತುಹೋದೀತೆಂಬ ಭಯ ಅವಳಿಗೆ. ಈಗ ಅದೇ ಸದ್ದಿಲ್ಲದ ಗೋಡೆ ತನ್ನ ಅಕ್ಕನ ಮಗಳನ್ನು ಸದ್ದಿಲ್ಲದೆ ಹೊರಗೆ ಹಾಕಿದೆ ಎಂದು ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು.

ಹೇಳಿದವಳು ಅಕ್ಕ ರತ್ನವ್ವ, ಫೋನಿನಲ್ಲಿ.

"ನೀ ಕಟ್ಟಿದ ಸಾಲಿ ನಮ್ಮ ದ್ಯಾಮೀನ ಹೊರಗ ಹಾಕೈತಿ ನೋಡವ್ವಾ."

"ಮಾಸ್ತರು ಹಾಕ್ಯಾರೇನು?"

"ಮಾಸ್ತರು ಬಾಯಿ ಸೈತ ತೆರದಿಲ್ಲಂತ. ಗೋಡೆನೇ ಹಾಕೈತಿ. ಶಿವರಾತ್ರಿ ಆದಾಗಿಂದ ದಿನಾ ಬಿಸಲಾಗ ಕುಂದರತೈತಿ ಹುಡುಗಿ. ನನಗ ಹೇಳೇ ಇಲ್ಲ. ಮೂಗಿನ ಮ್ಯಾಲಿನ ತೊಗಲು ಸುಲಿಯೂದು ನೋಡಿ ನಾನs ಕೇಳಿದೆ."

ಹುಲಿಗೆಮ್ಮ ಅಂದೇ ಹುಬ್ಬಳ್ಳಿಯಿಂದ ರೈಲು ಹತ್ತಿದಳು.

ಕೊಪ್ಪಳದ ಆಚೆ ಬಿಳಿಗಲ್ಲ ಎಂಬ ಊರಿನಲ್ಲಿ ಅವಳು ಕಟ್ಟಿದ ಶಾಲೆ ಬೇರೆ ಶಾಲೆಗಳಂತಲ್ಲ. ಅಲ್ಲಿ ಗಣಿತಕ್ಕೊಂದು ಕೋಣೆ, ವಿಜ್ಞಾನಕ್ಕೊಂದು ಕೋಣೆ ಎಂಬುದಿರಲಿಲ್ಲ. ಒಂದೇ ದೊಡ್ಡ ಹಾಸುಗಲ್ಲಿನ ನೆಲ. ಅದರ ತುಂಬ ಸಾಲು ಸಾಲು ಹಳಿಗಳು. ಹಳಿಗಳ ಮೇಲೆ ಬಾಗಿಲ ಕದದಷ್ಟು ಅಗಲದ ಹಲಗೆಗಳಿಂದ ಮಾಡಿದ, ಬೇಕಾದಂತೆ ಮಡಚಿ ತಿರುಗುವ ಗೋಡೆಗಳು. ಸುತ್ತ ನಾಲ್ಕು ಬಯಲುಗಳು: ನೆರಳು ಅಳೆಯಲು ಕಂಬ ನೆಟ್ಟ ಬಿಸಿಲಂಗಳ, ಮಳೆನೀರಿನ ಹೊಂಡ, ಜೋಳದ ಮಡಿ, ಹಳೆಯ ಶಾಸನವಿದ್ದ ಬಂಡೆ. ಚರಿತ್ರೆಯ ತರಗತಿಯಲ್ಲಿ ಯಾರಾದರೂ 'ಆಗಿನವರು ನೀರಿಗೆ ಏನು ಮಾಡುತ್ತಿದ್ದರು' ಎಂದು ಕೇಳಿದರೆ ಹೊಂಡದ ಕಡೆಯ ಗೋಡೆ ತಾನಾಗಿ ಸರಿಯಬೇಕು. ಇಡೀ ತರಗತಿ, ಮಾಸ್ತರರೂ ಸೇರಿ, ಎದ್ದು ಹೊಂಡದ ಮೆಟ್ಟಿಲಿಗೆ ಹೋಗಿ ಕೂರಬೇಕು. ಅಲ್ಲಿ ನೀರಿನ ಲೆಕ್ಕವೂ ಬಂತು, ಪಾಚಿಯ ಪಾಠವೂ ಬಂತು. ಪ್ರಶ್ನೆ ಹುಟ್ಟಿದ ಕಡೆ ಬಾಗಿಲು ಹುಟ್ಟಬೇಕು. ಇದಿಷ್ಟೇ ಅವಳ ನಕ್ಷೆಯ ತಿರುಳು.

ಗೋಡೆಗಳಿಗೆ ಯಾವಾಗ ಸರಿಯಬೇಕೆಂದು ಹೇಳಲು ಒಂದು ಯಂತ್ರಬುದ್ಧಿ ಇತ್ತು. ಅದಕ್ಕೆ ಮೇಟಿ ಎಂದು ಹೆಸರಿಟ್ಟವಳೂ ಅವಳೇ. ಕಣದ ನಡುವೆ ನೆಟ್ಟು ಎತ್ತು ಸುತ್ತಿಸುವ ಕಂಬಕ್ಕೆ ಮೇಟಿ ಎನ್ನುತ್ತಾರಲ್ಲ, ಹಾಗೆ ಇಡೀ ಶಾಲೆ ಇದರ ಸುತ್ತ ತಿರುಗಲಿ ಎಂದು. ಪ್ರತಿ ಹಲಗೆಯಲ್ಲೂ ಅದಕ್ಕೊಂದು ಕಿವಿ, ನೆಲದ ಪ್ರತಿ ಚೌಕದಲ್ಲೂ ಯಾರು ಕೂತಿದ್ದಾರೆಂದು ತಿಳಿಯುವ ತೂಕದ ತಟ್ಟೆ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗೂ, ಗೊತ್ತಿಲ್ಲದೆ ತಿಳಿಯಬೇಕೆಂದು ಕೇಳುವ ಪ್ರಶ್ನೆಗೂ ಮನುಷ್ಯನ ದನಿಯಲ್ಲಿ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕೊನೆಯ ಮಾತು ಕೊಂಚ ನಡುಗುತ್ತದೆ. ಮೇಟಿಗೆ ಆ ನಡುಕ ಕೇಳಿಸುತ್ತಿತ್ತು. ಸಾವಿರಾರು ಮಕ್ಕಳ ದನಿ ಕೇಳಿಸಿ ಅದನ್ನು ಪಳಗಿಸಿದ್ದರು.

ಇದೆಲ್ಲ ಹುಲಿಗೆಮ್ಮನ ತಲೆಗೆ ಹೊಳೆದದ್ದು ಯಾವ ವಿದೇಶಿ ಶಾಲೆ ನೋಡಿಯೂ ಅಲ್ಲ. ಅವಳ ಅಜ್ಜ ದುರ್ಗಪ್ಪ ಇದೇ ಬಿಳಿಗಲ್ಲದ ಹಳೆಯ ಶಾಲೆಯಲ್ಲಿ ಓದಿದವನು. ಓದಿದವನು ಎಂದರೆ ಒಳಗೆ ಕೂತು ಓದಿದವನಲ್ಲ. ಕೇರಿಯ ಹುಡುಗ ಒಳಗೆ ಬಂದರೆ ಉಳಿದವರು ಎದ್ದುಹೋಗುತ್ತಾರೆಂದು ಮಾಸ್ತರರು ಅವನನ್ನು ಹೊರಗೆ ಕಿಟಕಿಯ ಕೆಳಗೆ ಕೂರಿಸಿದ್ದರು. ಅವನು ಪಾಟಿಯನ್ನು ಎತ್ತಿ ಹಿಡಿದರೆ ಅವರು ಒಳಗಿನಿಂದಲೇ ನೋಡಿ ತಪ್ಪು-ಸರಿ ಹೇಳುತ್ತಿದ್ದರು. ಮುಪ್ಪಿನಲ್ಲಿ ಅವನು ಮೊಮ್ಮಗಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಕಲ್ತದ್ದು ಅಷ್ಟಿಷ್ಟು ಮರತೀನವ್ವಾ. ಹೊರಗ ಕುಂತದ್ದು ಮರತಿಲ್ಲ." ಹೊರಗು ಎಂಬುದೇ ಶಾಲೆಯ ಎಲ್ಲಕ್ಕಿಂತ ಒಳ್ಳೆಯ ಜಾಗವಾಗಿಬಿಟ್ಟರೆ ಇನ್ನು ಯಾವ ಮಗುವನ್ನೂ ಹೊರಗೆ ಕೂರಿಸಿ ಅವಮಾನ ಮಾಡಲಿಕ್ಕಾಗದು ಎಂದು ಅವಳು ಲೆಕ್ಕ ಹಾಕಿದ್ದಳು. ಆ ಲೆಕ್ಕವೇ ಈಗ ಅವಳ ಮನೆಯ ಮಗುವಿನ ಮೂಗಿನ ಮೇಲೆ ಸುಲಿದು ಕಾಣುತ್ತಿತ್ತು.

ದ್ಯಾಮಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ಹುಲಿಗೆಮ್ಮ ಅಕ್ಕನ ಮನೆ ಮುಟ್ಟಿದಾಗ ರತ್ನವ್ವ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ದ್ಯಾಮಿ ಪಕ್ಕದಲ್ಲಿ ಗುಂಡಿ ಹಚ್ಚುತ್ತ ಚಿಗವ್ವನ ಮುಖ ನೋಡದೆ ಮಾತಾಡಿದಳು.

"ಶಂಕರಗೌಡ ಸರ್ ನೆರಳಿನ ಲೆಕ್ಕ ಹೇಳಾಕತ್ತಿದ್ರು ಚಿಗವ್ವ. ನೆರಳು ಅಳದು ಕಂಬದ ಎತ್ತರ ತಗಿಯೂದು. ನಾ ಕೇಳಿದೆ, ನೆರಳು ಮುಂಜಾನೆ ಉದ್ದ ಇರತೈತಿ, ಮಧ್ಯಾಹ್ನ ಗಿಡ್ಡ ಇರತೈತಿ, ಕಂಬ ಅಷ್ಟs ಇರತೈತಿ. ಹಂಗಾದ್ರ ಯಾವ ನೆರಳು ಹಿಡಿಬೇಕು ಅಂತ."

"ಚೊಲೋ ಕೇಳಿದ್ಯವ್ವಾ. ಆಮ್ಯಾಲೆ?"

"ಬಿಸಿಲಂಗಳದ ಕಡಿ ಗೋಡಿ ಸರೀತು. ನನಗ ಖುಷಿ ಆತು, ಎಲ್ಲಾರೂ ಹೊರಗ ಹೋಗ್ತೀವಿ ಅಂತ. ಅಷ್ಟರಾಗ ನನ್ನ ಡೆಸ್ಕಿನ ಹಿಂದಿನ ಹಲಗಿ ಬಂದು ಸುತ್ತು ಹಾಕಿ ಮುಚ್ಚಿಗೊಂತು. ನಾ ಒಬ್ಬಾಕಿನ ಹೊರಗ. ಸರ್ ಒಳಗ ಪಾಠ ಮುಂದುವರಸಿದ್ರು."

"ನೀ ಗೋಡಿ ಬಡೀಲಿಲ್ಲೇನು?"

"ಬಡದೆ. ಇನ್ನೂ ಒಂದು ಹಲಗಿ ದಪ್ಪ ಮುಚ್ಚಿಗೊಂತು. ಮರುದಿನದಿಂದ ನನಗ ತೆರೀಲೇ ಇಲ್ಲ."

ಅವಳೂ ಸೇರಿ ಒಂಬತ್ತನೇ ತರಗತಿಯ ಹದಿನೇಳು ಮಕ್ಕಳು ಈಗ ಹೊರಗಿದ್ದರು. ನಕ್ಷೆಯಲ್ಲಿ ಅಲ್ಲೊಂದು ಚಪ್ಪರವಿತ್ತು, ಕಟ್ಟುವಾಗ ಶಾಲೆ ನಡೆಸುವ ಮಂಡಳಿಯವರು ಅದು ಅನಗತ್ಯವೆಂದು ಬಿಟ್ಟರು. ಬೇವಿನ ಗಿಡಗಳು ಇನ್ನೂ ಸೊಂಟದೆತ್ತರ. ಮಾಸ್ತರರು ಆ ಕಡೆ ಸುಳಿಯುವುದಿಲ್ಲ. ಹಾಜರಿಯಲ್ಲಿ ಮಾತ್ರ ಆ ಮಕ್ಕಳ ಹೆಸರಿನ ಮುಂದೆ ಮೇಟಿ ತಾನೇ 'ಬಯಲು ಕಲಿಕೆ' ಎಂದು ಹಾಕುತ್ತದೆ. ಹೆಸರು ಎಷ್ಟು ಚಂದ ನೋಡಿ.

ರತ್ನವ್ವ ಯಂತ್ರ ನಿಲ್ಲಿಸಿದಳು. "ಅದೆಲ್ಲ ಇರಲಿ. ಮೊನ್ನೆ ಸಾಲಿಂದ ಕರೆಸಿದ್ರು. ಶುಕ್ರವಾರ ನಿರ್ದೇಶಕರು ಬರ್ತಾರಂತ. ಹೊರಗಿನ ಹುಡುಗರನ್ನ ಬಯಲು ವಿಭಾಗ ಅಂತ ಬ್ಯಾರೆ ಮಾಡ್ತಾರಂತ. ಅವ್ರಿಗೆ ಹತ್ತನೇತ್ತೆ ಪರೀಕ್ಷೆ ಇಲ್ಲಂತ. ಕೈಕೆಲಸದ ಸರ್ಟಿಫಿಕೇಟ್ ಕೊಡ್ತಾರಂತ. ನನ್ನ ಮಗಳು ಪ್ರಶ್ನಿ ಕೇಳಿದ್ದಕ್ಕ ಹತ್ತನೇತ್ತೆ ಕಟ್ಟಬಾರದೇನ ಹುಲಿಗೆಮ್ಮಾ? ನಮ್ಮಜ್ಜ ಕುಂತ ಜಾಗಕ್ಕs ಆಕೀನ ಕುಂದ್ರಿಸಾಕ ನೀ ಇಷ್ಟು ಓದಿ ಬಂದೇನು?"

ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿ ಹಾಕಿದವಳು ಏನು ಹೇಳಿಯಾಳು?

ಮಾರನೆಯ ದಿನ ಅವಳು ನೇರ ಮೇಟಿಯ ಕೋಣೆಗೆ ನುಗ್ಗಿದಳು. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಅನ್ವರ್ ಗದಗಿನವನು, ಅವಳ ಕೈಕೆಳಗೇ ಪಳಗಿದವನು. ಎದುರಿನ ದೊಡ್ಡ ತೆರೆಯ ಮೇಲೆ ಶಾಲೆಯ ನಕ್ಷೆ. ಪಾಠ ನಡೆಯುವ ಜಾಗ ಬಿಳಿ, ಉಳಿದದ್ದು ಬೂದಿ ಬಣ್ಣ. ಬಿಸಿಲಂಗಳದ ಬೂದಿಯಲ್ಲಿ ಹದಿನೇಳು ಚುಕ್ಕೆಗಳು ಕಂಬದ ನೆರಳಿಗೆ ಒತ್ತಿಕೊಂಡಿದ್ದವು. ನೆರಳು ಜರುಗಿದಂತೆ ಅವೂ ಜರುಗುತ್ತಿದ್ದವು.

"ಏನು ಕೆಟ್ಟೈತಿ ಇದಕ್ಕ?" ಎಂದಳು.

"ಕೆಟ್ಟಿಲ್ರಿ ಮೇಡಂ. ಕಲ್ತೈತಿ." ಅನ್ವರ್ ತಲೆ ತಗ್ಗಿಸಿದ. "ಮೊದಲನೇ ವರ್ಷ ನಾವು ಗೋಡೆ ತೆರೆಯೂದನ್ನ ಮಾಸ್ತರ ಕೈಯಾಗ ಕೊಟ್ಟಿದ್ವಿ ನೆನಪೈತೇನ್ರಿ? ಪ್ರತಿ ಮೇಜಿಗೊಂದು ಹಸಿರು ಗುಂಡಿ. ಯಾವ ಪ್ರಶ್ನೆಗೆ ಗೋಡೆ ತೆರೀಬೇಕು ಅಂತ ಅವರು ಒತ್ತಿ ತೋರಸ್ತಾರ, ಮೇಟಿ ನೋಡಿ ಕಲೀತೈತಿ ಅಂತ."

"ನೆನಪೈತಿ."

"ಅವರು ಒತ್ತಿದ್ದು ಯಾವಾಗ ಗೊತ್ತೇನ್ರಿ? ಹುಡುಗರು ಅಡ್ಡ ಪ್ರಶ್ನಿ ಕೇಳಿದಾಗ. 'ಏ, ಭಾಳ ಶಾಣ್ಯಾ ಆಗೀದಿ, ಹೊರಗ ನಿಂದ್ರು' ಅಂತ ಹಸಿರು ಗುಂಡಿ ಒತ್ತೂದು. ಹುಡುಗ ಹೊರಗ ಹೋದ ಮ್ಯಾಲೆ ಮತ್ತ ಒತ್ತಿ ಮುಚ್ಚೂದು. ವರ್ಷಪೂರ್ತಿ ಮೇಟಿ ಅದನ್ನ ನೋಡ್ತು. ಪ್ರಶ್ನಿ ಬಂದ್ರ ಗೋಡಿ ತೆರಿ, ಕೇಳಿದವರನ್ನ ಹೊರಗ ಬಿಡು, ಗೋಡಿ ಮುಚ್ಚು. ಒಳಗ ಗಪ್ ಆಗತೈತಿ. ಮಾಸ್ತರಿಗೆ ಸಮಾಧಾನ. ಪರೀಕ್ಷಾ ಬರೆಯೂದು ಒಳಗಿದ್ದವರಷ್ಟs, ಹಂಗಾಗಿ ಫಲಿತಾಂಶಾನೂ ಮ್ಯಾಲೆ ಹೋಗತೈತಿ. ಅದು ಎಲ್ಲಾ ಕೂಡಿಸಿ ನೋಡಿ ಹೌದು, ಹಿಂಗs ಅಂತ ತಿಳಕೊಂಡೈತಿ."

ಹುಲಿಗೆಮ್ಮ ಕುರ್ಚಿ ಎಳೆದು ಕೂತಳು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆ ಅವಳಿಗೆ ಗೊತ್ತಿತ್ತು. ಆದರೆ ಗೋಡೆಗೂ ಅಂಟೀತೆಂದು ತಿಳಿದಿರಲಿಲ್ಲ. ಪ್ರಪಂಚದಲ್ಲಿ ಬೇರೆಲ್ಲಾದರೂ ಇದೇ ಶಾಲೆ ಕಟ್ಟಿದ್ದರೆ ಇದು ಹೀಗೆ ಕಲಿಯುತ್ತಿತ್ತೋ ಇಲ್ಲವೋ. ನಮ್ಮಲ್ಲಿ 'ಹೊರಗೆ' ಎಂದರೆ ಬಯಲಲ್ಲ, ಶಿಕ್ಷೆ. ನೂರಾರು ವರ್ಷದಿಂದ ನಮ್ಮ ಬಾಯಿಗೆ ಬರುವ ಮೊದಲ ಶಿಕ್ಷೆ ಅದೇ. ತರಗತಿಯಿಂದ ಹೊರಗೆ, ಪಂಕ್ತಿಯಿಂದ ಹೊರಗೆ, ಊರಿಂದ ಹೊರಗೆ. ಅದನ್ನು ಹಸಿರು ಗುಂಡಿಯಾಗಿ ಮಾಡಿ ಕೈಗೆ ಕೊಟ್ಟರೆ ಇನ್ನೇನಾದೀತು? ಅವಳಿಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ. ಅದು ಒಳ್ಳೆಯ ವಿದ್ಯಾರ್ಥಿ. ಕಲಿಸಿದವರ ಮೇಲೆ ಬಂತು, ಕಲಿಸಲು ಅವರಿಗೇ ಬಿಟ್ಟ ತನ್ನ ಮೇಲೂ ಬಂತು.

"ಮುಚ್ಚಿಬಿಡು ಇದನ್ನ," ಎಂದಳು.

"ಮಂಡಳಿ ಆದೇಶ ಇಲ್ದ ಮುಚ್ಚಾಕ ಬರಂಗಿಲ್ರಿ. ಮುಚ್ಚಿದ್ರೂ ಗೋಡಿ ನಿಲ್ಲತೈತಿ, ಶುಕ್ರವಾರದ ತೀರ್ಮಾನ ನಿಲ್ಲಂಗಿಲ್ಲ."

ಶಾಲೆ ನಡೆಸುತ್ತಿದ್ದ ಹೊಸಶಾಲಾ ಮಂಡಳಿಯ ನಿರ್ದೇಶಕರು ಬೆಂಗಳೂರಿನಿಂದ ಬಂದು ಕೊಪ್ಪಳದ ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು. ಹುಲಿಗೆಮ್ಮ ಅಲ್ಲಿಗೂ ಹೋದಳು. ಅವರು ಚಹಾ ತರಿಸಿದರು, ನಕ್ಕರು, ಅವಳ ವಿನ್ಯಾಸವನ್ನು ಬಾಯಿ ತುಂಬ ಹೊಗಳಿದರು.

"ಅದ್ಭುತವಾಗಿದೆ ಮೇಡಂ. ಫಲಿತಾಂಶ ನೋಡಿದ್ರಾ? ಒಳಗಿರೋ ಮಕ್ಕಳಲ್ಲಿ ಒಬ್ರೂ ಫೇಲಿಲ್ಲ. ಇನ್ನೂ ನಲವತ್ತು ಕಡೆ ಇದನ್ನೇ ಕಟ್ಟೋಣ ಅಂತಿದೀವಿ."

"ಒಳಗಿರೋರು ಪಾಸಾಗ್ತಾರ ಅಂದ್ರ ಏನು ಸರ್? ಫೇಲಾಗೋರನ್ನ ಅದು ಮೊದಲs ಹೊರಗ ಹಾಕೈತಿ. ಅವರು ಫೇಲಾಗ್ತಿದ್ರು ಅಂತಾನೂ ಇಲ್ಲ. ಅವರು ಮಾಡಿದ್ದು ಪ್ರಶ್ನಿ ಕೇಳಿದ್ದು."

"ಹೊರಗೆ ಅವರು ಪ್ರಕೃತಿಯಿಂದ ಕಲೀತಾರಲ್ವಾ? ನಿಮ್ಮ ನಕ್ಷೆಯಲ್ಲೇ ಬರೆದಿದ್ರಿ, ಬಯಲೇ ದೊಡ್ಡ ತರಗತಿ ಅಂತ."

"ಮಾಸ್ತರು ಇದ್ರ ತರಗತಿ ಸರ್. ಮಾಸ್ತರೂ ಇಲ್ಲ, ನೆರಳೂ ಇಲ್ಲ ಅಂದ್ರ ಅದು ಬರೇ ಬಿಸಲು."

ನಿರ್ದೇಶಕರು ಕಪ್ಪು ಕೆಳಗಿಟ್ಟರು. "ಪ್ರಶ್ನೆ ಕೇಳಿದಾಗ ಗೋಡೆ ತೆರೀಬೇಕು ಅನ್ನೋದು ನಿಮ್ಮದೇ ಸೂತ್ರ. ಗೋಡೆ ತೆರೀತಾ ಇದೆ. ಇನ್ನೇನು ಬೇಕು? ನಾಳೆ ನೀವು ತರಗತಿಗೆ ಬರೋದು ಬೇಡ, ಮಕ್ಕಳಿಗೆ ಗೊಂದಲ ಆಗತ್ತೆ. ಕಂಟ್ರೋಲ್ ರೂಮಲ್ಲಿ ಕೂತು ನೋಡಿ."

ಹುಲಿಗೆಮ್ಮ ಚಹಾ ಮುಟ್ಟದೆ ಎದ್ದು ಹೊರಗೆ ಬಂದಳು. ಎಂಥ ಸಲೀಸಾದ ಜನ ಇವರು! ಮಕ್ಕಳನ್ನು ಬಿಸಿಲಿಗೆ ಹಾಕಿದರೂ ಅದಕ್ಕೆ ನಿಮ್ಮದೇ ಮಾತನ್ನು ಹುಡುಕಿ ನಿಮ್ಮ ಕೈಗೇ ಕೊಡುತ್ತಾರೆ. ಕಟುಕನಾದರೂ ಕುರಿಯ ಸಹಿ ಕೇಳುವುದಿಲ್ಲ.

ಮರಳಿ ಮೇಟಿಯ ಕೋಣೆಗೆ ಬಂದು ಅನ್ವರನ ಪಕ್ಕ ಕೂತಳು. ತೆರೆಯ ಕಡೆ ಬೆರಳು ಮಾಡಿ, "ಒಳಗು ಯಾವುದು, ಹೊರಗು ಯಾವುದು ಅಂತ ಇದಕ್ಕ ಹೆಂಗ ಗೊತ್ತಾಗತೈತಿ?" ಎಂದು ಕೇಳಿದಳು.

"ಮಾಸ್ತರ ದನಿ ಮ್ಯಾಲಿಂದ್ರಿ. ಪಾಠದ ದನಿ ಎಲ್ಲಿ ಐತೋ ಅದು ಒಳಗು. ನೀವs ಹಂಗ ಬರದಿದ್ರಿ, ಪಾಠ ಹೊಂಡಕ್ಕ ಹೋದ್ರ ಹೊಂಡನೂ ತರಗತಿ ಆಗ್ಲಿ ಅಂತ. ಆದ್ರ ಪಾಠ ಎಂದೂ ಒಳಗು ಬಿಟ್ಟು ಹೋಗಿಲ್ಲ."

"ಪ್ರಶ್ನೆ ಕೇಳಿದವರನ್ನ ಹೊರಗ ಹಾಕು ಅನ್ನೂದರಾಗ, ಮಾಸ್ತರನ್ನ ಬಿಟ್ಟು ಅಂತ ಐತೇನು?"

ಅನ್ವರ್ ಹುಬ್ಬೇರಿಸಿದ. ಮೇಟಿ ಕಲಿತದ್ದನ್ನೆಲ್ಲ ತೆರೆದು ಹುಡುಕಿದ. "ಇಲ್ರಿ. ಅದರ ಪ್ರಸಂಗs ಬಂದಿಲ್ಲ. ಮಾಸ್ತರು ದಿನಾ ನೂರು ಪ್ರಶ್ನಿ ಕೇಳ್ತಾರ, ಎಲ್ಲಾ ಉತ್ತರ ಗೊತ್ತಿರೂವು. ಗೊತ್ತಿಲ್ದ ಕೇಳಿದ್ದು, ಈ ಸಾಲ್ಯಾಗ, ಇವತ್ತಿನ ತನಕ ಒಂದೂ ಇಲ್ಲ."

ಹುಲಿಗೆಮ್ಮ ಎದ್ದು ಚಪ್ಪಲಿ ಮೆಟ್ಟಿದಳು.

ಶಂಕರಗೌಡ ಮಾಸ್ತರರ ಮನೆ ಹಳೆಯ ಅಂಚೆ ಕಚೇರಿಯ ಹಿಂದೆ. ಅವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಹುಲಿಗೆಮ್ಮನೂ ಒಂದು ಕಾಲಕ್ಕೆ ಅವರ ಹತ್ತಿರವೇ ಗಣಿತ ಕಲಿತವಳು. ಹಾಗಾಗಿ ಬೈಯಲು ಬಂದವಳು ಮೊದಲು ನಮಸ್ಕಾರ ಮಾಡಬೇಕಾಯಿತು.

"ದ್ಯಾಮವ್ವ ಅನ್ನೂ ಹುಡುಗಿ ನಿಮಗ ನೆರಳಿನ ಪ್ರಶ್ನೆ ಕೇಳಿದ್ಲು. ನೆನಪದೇನ್ರಿ ಸರ್?"

"ಐತಿ. ಶಾಣ್ಯಾ ಹುಡುಗಿ."

"ಶಾಣ್ಯಾ ಹುಡುಗಿ ಬಿಸಲಾಗ ಕುಂತಾಳ. ನೀವು ಒಮ್ಮೆರ ಎದ್ದು ಹೋಗಿ ನೋಡೀರೇನು?"

ಮಾಸ್ತರರು ಕೈಯಲ್ಲಿದ್ದ ಕಾಯನ್ನು ಒಡೆಯದೆ ಹಿಡಿದುಕೊಂಡರು. "ನಾ ಆಕೀನ ಹಾಕಿಲ್ಲವ್ವಾ. ಗೋಡಿ ಹಾಕ್ತು."

"ಗೋಡಿಗೆ ಯಾರು ಹೇಳಿಕೊಟ್ರು ಸರ್? ಹಸಿರು ಗುಂಡಿ ಒತ್ತಿದವರು ಯಾರು? ಅನ್ವರ್ ತೋರಿಸಿದ. ಎಲ್ಲಾರಕಿಂತ ಹೆಚ್ಚು ಒತ್ತಿದವರು ನೀವು."

"ಎಲ್ಲಾರೂ ಹಂಗs ಮಾಡೂದು. ನನ್ನೂ ನಮ್ಮ ಮಾಸ್ತರು ನಿಂದರಿಸಿದ್ರು. ನಿನ್ನೂ ನಾ ನಿಂದರಿಸಿಲ್ಲೇನು? ನೀ ಕೆಟ್ಟೇನು? ಎಂಜಿನಿಯರ್ ಆದಿ."

ಹುಲಿಗೆಮ್ಮನಿಗೆ ಅಷ್ಟೂ ದಿನ ಅದುಮಿಟ್ಟದ್ದು ಹೊರಗೆ ಬಂತು. "ನಿಮ್ಮನ್ನ ನಿಂದರಿಸಿದಾಗ ನೀವು ಒಂದು ತಾಸಿಗೆ ಒಳಗ ಬಂದ್ರಿ ಸರ್. ನಮ್ಮಜ್ಜ ಬರಲಿಲ್ಲ. ಅವನು ಇದs ಊರಾಗ, ಕಿಟಕಿ ಕೆಳಗ ಕುಂತs ಸಾಲಿ ಮುಗಿಸಿದ. ಈಗ ದ್ಯಾಮೀನೂ ಒಳಗ ಬರಂಗಿಲ್ಲ. ನಾಳೆ ಸಹಿ ಆದ್ರ ಆ ಹದಿನೇಳು ಮಕ್ಕಳಿಗೆ ಹತ್ತನೇತ್ತೆ ಪರೀಕ್ಷೆ ಇಲ್ಲ. ನಿಮಗ ಅದು ಚಾಳಿ. ಅವರಿಗೆ ಅದು ಇಡೀ ಬಾಳೇವು."

ಒಳಗಿನಿಂದ ಮಾಸ್ತರರ ಹೆಂಡತಿ ಬಾಗಿಲಿಗೆ ಬಂದು ನಿಂತರು.

"ನಾ ಏನು ಮಾಡ್ಬೇಕಂತಿ?" ಎಂದರು ಮಾಸ್ತರರು ಕೊನೆಗೆ.

"ನಾಳೆ ನಿರ್ದೇಶಕರ ಮುಂದ ಒಂದು ಪ್ರಶ್ನೆ ಕೇಳ್ರಿ. ನಿಮಗ ಉತ್ತರ ಗೊತ್ತಿಲ್ಲದ್ದು."

"ಗೊತ್ತಿಲ್ಲದ್ದನ್ನ ನಾ ಹುಡುಗರ ಮುಂದ ಯಾಕ ಕೇಳ್ಲಿ? ಮೂವತ್ತು ವರ್ಷ ಕಲಿಸೀನಿ." ಅವರ ದನಿ ಗಡುಸಾಯಿತು. "ಹೊತ್ತಾತು. ನೀ ಹೋಗಿ ಬಾರವ್ವಾ."

ಶುಕ್ರವಾರ ಬೆಳಿಗ್ಗೆ ಹುಲಿಗೆಮ್ಮ ಮೇಟಿಯ ಕೋಣೆಯಲ್ಲಿ ಅನ್ವರನ ಪಕ್ಕ ಕೂತಿದ್ದಳು. ಸದ್ದಿನ ಪೆಟ್ಟಿಗೆಯಲ್ಲಿ ಒಂಬತ್ತನೇ ತರಗತಿ ಕೇಳಿಸುತ್ತಿತ್ತು. ನಿರ್ದೇಶಕರು ಹಿಂದಿನ ಸಾಲಿನಲ್ಲಿ ಕೂತು ಅರ್ಧ ತಾಸಾದರೂ ಮೇಟಿ ಅವರ ತಂಟೆಗೆ ಹೋಗಲಿಲ್ಲ. ಅವರಿಗೆ ತಿಳಿದುಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಒಮ್ಮೆ ಮಾತ್ರ, "ಆಚೆ ಇರೋ ಮಕ್ಕಳು ಏನು ಮಾಡ್ತಿದ್ದಾರೆ?" ಎಂದು ಕೇಳಿದರು. ಮೇಟಿ ಕೇಳಿಸಿಕೊಂಡಿತು. ದನಿಯಲ್ಲಿ ಎಲ್ಲೂ ನಡುಕವಿಲ್ಲ. ಅದನ್ನು ಪ್ರಶ್ನೆ ಎಂದೇ ಎಣಿಸದೆ ಸುಮ್ಮನಾಯಿತು.

"ಕಲೀತಿದ್ದಾರ್ರಿ ಸರ್," ಎಂದು ಅವರ ಪಕ್ಕದಲ್ಲಿ ಕೂತ ಮುಖ್ಯೋಪಾಧ್ಯಾಯರ ದನಿ ಕೇಳಿಸಿತು. "ಇನ್ನು ಕಾಗದಕ್ಕ ಸಹಿ ಆದ್ರ..."

"ಮಾಸ್ತರು ಪಾಠ ಮುಗಿಸಲಿ, ಮಾಡೋಣ."

ಶಂಕರಗೌಡರು ಕರಿಹಲಗೆಯ ಮೇಲೆ ಕಂಬ ಬರೆದರು, ನೆರಳು ಬರೆದರು. ಸೂತ್ರ ಹೇಳಿದರು. ಮಕ್ಕಳು ಒಕ್ಕೊರಲಿನಿಂದ ಅದನ್ನೇ ಮರಳಿ ಹೇಳಿದರು. ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಳು. ಮುದುಕ ಕೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಆಮೇಲೆ ಸೀಮೆಸುಣ್ಣದ ಸದ್ದು ನಿಂತಿತು.

"ಒಂದು ಹುಡುಗಿ ನನ್ನ ಕೇಳಿದ್ಲು," ಎಂದರು ಮಾಸ್ತರರು. ದನಿ ಪಾಠದ ದನಿಯಾಗಿರಲಿಲ್ಲ. "ನೆರಳು ಹೊತ್ತಿಗೊಂದು ಥರ ಇರತೈತಿ, ಯಾವ ನೆರಳು ಹಿಡೀಬೇಕು ಅಂತ. ಮೂವತ್ತು ವರ್ಷ ಈ ಪಾಠ ಮಾಡೀನಿ. ಒಂದು ದಿನಾನೂ ಬಿಸಲಾಗ ನಿಂತು ಮಾಡಿಲ್ಲ. ಇಷ್ಟು ವರ್ಷ ನಾ ಯಾಕ ಇದನ್ನ ಕೇಳ್ಕೊಳ್ಳಲಿಲ್ಲ?"

ಕೊನೆಯ ಮಾತು ನಡುಗಿತು. ತೆರೆಯ ಮೇಲೆ ಬಿಸಿಲಂಗಳದ ಕಡೆಯ ಗೋಡೆ ಸರಿಯಿತು. ಮಾಸ್ತರರ ಬೆನ್ನ ಹಿಂದಿನ ಹಲಗೆಗಳು ಬಂದು ಅವರ ಸುತ್ತ ತಿರುಗಿ ಮುಚ್ಚಿಕೊಂಡವು. ಮೂವತ್ತು ವರ್ಷ ಮಕ್ಕಳನ್ನು ಹೊರಗೆ ನಿಲ್ಲಿಸಿದ ಮಾಸ್ತರರು, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, ಹದಿನೇಳು ಮಕ್ಕಳ ಎದುರು ಹೊರಗೆ ನಿಂತಿದ್ದರು.

"ಸರ್, ನಿಮ್ಮನ್ನೂ ಹಾಕ್ತೇನ್ರಿ?" ಅದು ದ್ಯಾಮಿಯ ದನಿ.

"ಹಾಕ್ತವ್ವಾ." ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಅವರು ಹೇಳಿದರು, "ಒಂದು ಕೋಲು ತಗೊಂಬಾ. ಈಗs ಅಳಿಯೂಣು. ಕಂಬದ ನೆರಳು ಒಬ್ರು ಹಿಡೀರಿ, ಕೋಲಿನ ನೆರಳು ಒಬ್ರು ಹಿಡೀರಿ."

ಪಾಠ ಶುರುವಾಯಿತು. ತೆರೆಯ ಮೇಲಿನ ಬಣ್ಣಗಳು ಒಂದು ಕ್ಷಣ ತಡಕಾಡಿದವು. ಪಾಠದ ದನಿ ಬಿಸಿಲಂಗಳದಲ್ಲಿತ್ತು. ಬಿಸಿಲಂಗಳ ಬೆಳ್ಳಗಾಯಿತು, ತರಗತಿ ಬೂದಿ ಬಣ್ಣಕ್ಕೆ ತಿರುಗಿತು.

"ಮೇಡಂ, ಒಳಗಿನ ಹುಡುಗರು ಈಗ ಹೊರಗದಾರ," ಎಂದು ಅನ್ವರ್ ಪಿಸುಗುಟ್ಟಿದ.

ಕೆಲಸ ಶುರುವಾಗಿ ಇಷ್ಟು ದಿನಕ್ಕೆ ಮೇಟಿ ತನ್ನ ಮೊದಲ ಪಾಠವನ್ನು, ಹುಲಿಗೆಮ್ಮ ಬರೆದದ್ದನ್ನು, ಆಗ ನೆನಪಿಸಿಕೊಂಡಿತು: ಪಾಠ ಜಾಗ ಬದಲಿಸಿದರೆ ಮಕ್ಕಳಿಗೆ ದಾರಿ ಬಿಡು. ಬಿಸಿಲಂಗಳದ ಕಡೆಯ ಗೋಡೆಗಳೆಲ್ಲ ಒಂದರ ಹಿಂದೊಂದು ಮಡಚಿಕೊಂಡವು. ಮಕ್ಕಳು ನಿರ್ದೇಶಕರ ಮುಖ ನೋಡಿದರು, ಮಾಸ್ತರರ ಮುಖ ನೋಡಿದರು, ಆಮೇಲೆ ದಬದಬ ಎದ್ದು ಹೋದರು.

ನಿರ್ದೇಶಕರು ಎದ್ದು ನಿಂತರು. "ಏನ್ರೀ ಆಗ್ತಾ ಇದೆ ಇಲ್ಲಿ?" ಎಂದು ಕೂಗಿದರು.

ಆ ದಿನ ಅವರು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ದನಿ ಚೆನ್ನಾಗಿಯೇ ನಡುಗಿತು. ಪ್ರಶ್ನೆ ಕೇಳಿದವರನ್ನು ಪಾಠದಿಂದ ಬೇರೆ ಮಾಡಬೇಕೆಂಬುದನ್ನು ಮೇಟಿ ಇನ್ನೂ ಮರೆತಿರಲಿಲ್ಲ. ನಾಲ್ಕೂ ಕಡೆಯಿಂದ ಹಲಗೆಗಳು ಬಂದವು. ನಿರ್ದೇಶಕರು, ಮುಖ್ಯೋಪಾಧ್ಯಾಯರು ಮತ್ತು ಸಹಿಯಾಗದ ಕಾಗದ, ತಂಪಾದ ಕೋಣೆಯೊಳಗೆ, ಹೊರಗೆ ಬಿದ್ದರು. ಅವರು ಗೋಡೆ ಬಡಿದರು. ಇನ್ನೂ ಒಂದು ಹಲಗೆ ದಪ್ಪ ಮುಚ್ಚಿಕೊಂಡಿತು. ತೆರೆಯ ಮೇಲೆ ಅವರಿಬ್ಬರ ಚುಕ್ಕೆಗಳ ಮುಂದೆ ಮೇಟಿ ತಪ್ಪದೆ 'ಬಯಲು ಕಲಿಕೆ' ಎಂದು ಹಾಕಿತು.

ಹುಲಿಗೆಮ್ಮ ಬಿಸಿಲಂಗಳಕ್ಕೆ ಓಡಿದಳು. ಅನ್ವರ್ ಗೋಡೆ ಬಿಡಿಸಲು ಎದ್ದವನು, ಮೊದಲು ನೀರು ಕುಡಿದು ಬರುತ್ತೇನೆ ಎಂದ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ವಿಚಾರಣೆ ನಡೆಯಿತು. ಮೇಟಿಯನ್ನು ಮುಚ್ಚಿದರು. ಬಯಲು ವಿಭಾಗದ ಮಾತು ಬಿದ್ದುಹೋಯಿತು, ನಲವತ್ತು ಶಾಲೆಗಳ ಮಾತೂ ಬಿದ್ದುಹೋಯಿತು. ದ್ಯಾಮಿಯೂ ಉಳಿದ ಹದಿನಾರು ಮಕ್ಕಳೂ ಹತ್ತನೇ ತರಗತಿಗೆ ಹೋಗುವುದೆಂದಾಯಿತು. ವರದಿಯಲ್ಲಿ 'ಗೋಡೆಯ ದೋಷ' ಎಂದು ಬರೆದರು, ದೋಷಕ್ಕೆ ಹೊಣೆ ವಿನ್ಯಾಸ ಮಾಡಿದವಳು ಎಂದು ಬರೆದರು. ಗೋಡೆಗೆ ಹೇಳಿಕೊಟ್ಟವರು ಯಾರೆಂದು ಎಲ್ಲೂ ಬರೆಯಲಿಲ್ಲ. ಶಾಲೆಯ ಬಾಗಿಲ ಕಲ್ಲಿನ ಮೇಲಿದ್ದ ಹುಲಿಗೆಮ್ಮನ ಹೆಸರನ್ನು ಸಿಮೆಂಟು ಬಳಿದು ಮುಚ್ಚಿದರು. ಅವಳು ಜಗಳಕ್ಕೆ ಹೋದಳು, ಕಾಗದ ಬರೆದಳು, ಯಾರೂ ಉತ್ತರಿಸಲಿಲ್ಲ. ಅವಳ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯಬೇಕೆಂದು ಅವಳಿಗೆ ಅನಿಸಿಯೂ ಇಲ್ಲ.

ಗೋಡೆಗಳು ಮಾತ್ರ ಮೇಟಿ ಮುಚ್ಚಿದಾಗ ಎಲ್ಲಿದ್ದವೋ ಅಲ್ಲೇ ನಿಂತವು. ನಿರ್ದೇಶಕರನ್ನು ಬಿಡಿಸುವಾಗ ಅನ್ವರ್ ಎಲ್ಲ ಹಲಗೆಗಳನ್ನೂ ಮಡಚಿ ಮೂಲೆಗೆ ತಳ್ಳಿದ್ದ. ಗಾಲಿಗಳು ಮತ್ತೆ ಕದಲಲಿಲ್ಲ. ರಿಪೇರಿಗೆ ಯಾರೂ ಬರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾದಾಗ ಹುಲಿಗೆಮ್ಮ ದ್ಯಾಮಿಯನ್ನು ಬಿಡಲು ಹೋಗಿದ್ದಳು. ಹಾಸುಗಲ್ಲಿನ ನೆಲದ ಮೇಲೆ ಒಂದು ಕಡೆ ಹತ್ತನೇ ತರಗತಿ, ಇನ್ನೊಂದು ಕಡೆ ಎಂಟನೇ ತರಗತಿ. ಸುತ್ತ ಎಲ್ಲೂ ಅಡ್ಡವಿಲ್ಲ. ಹೊಂಡದ ಗಾಳಿ ಬಂದು ಪುಸ್ತಕದ ಹಾಳೆ ಮಗುಚುತ್ತಿತ್ತು. ಎಂಟನೆಯವರಿಗೆ ಹೊಸದಾಗಿ ಬಂದ ಎಳೆಯ ಮಾಸ್ತರರೊಬ್ಬರು ಪಾಠ ಮಾಡುತ್ತಿದ್ದರು. ಒಬ್ಬ ಹುಡುಗಿ ಎದ್ದು ಏನೋ ಕೇಳಿದಳು.

"ಏ, ಭಾಳ ಶಾಣ್ಯಾ ಆಗೀದಿ. ಹೊರಗ ನಡಿ," ಎಂದರು ಮಾಸ್ತರರು.

ಹುಲಿಗೆಮ್ಮನ ಕಾಲುಗಳು ಅಲ್ಲೇ ನಿಂತವು.

ಹುಡುಗಿ ಹೊರಡಲು ಹೆಜ್ಜೆ ಎತ್ತಿದಳು. ಹೊಂಡದ ಕಡೆ ನೋಡಿದಳು, ಜೋಳದ ಮಡಿಯ ಕಡೆ ನೋಡಿದಳು. ಹತ್ತನೇ ತರಗತಿಯ ಕಡೆಯೂ ನೋಡಿದಳು. ಅಲ್ಲಿ ಶಂಕರಗೌಡರು ಪಾಠ ನಿಲ್ಲಿಸಿ ಇತ್ತಲೇ ತಿರುಗಿದ್ದರು, ದ್ಯಾಮಿಯೂ ತಿರುಗಿದ್ದಳು. ಹುಡುಗಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

"ಹೊರಗ ಅಂದ್ರ ಯಾವ ಕಡಿ ರೀ ಸರ್?" ಎಂದು ಕೇಳಿದಳು.

ಮಾಸ್ತರರು ತೋರಿಸಲು ಕೈ ಎತ್ತಿದರು. ಎತ್ತಿದ ಕೈಯನ್ನು ಒಂದು ಸುತ್ತು ತಿರುಗಿಸಿದರು. ಅದು ಎಲ್ಲೂ ನಿಲ್ಲಲಿಲ್ಲ.